ವಸೀಲಾ ಮನೆಯ ಓರೆಮರ

ನನ್ನ ಚಿಕ್ಕಮ್ಮ ಮನ್ನೂಬಿಯಾ ಸಮುದ್ರವನ್ನು ಅಳೆಯುವುದು ತನ್ನ ಮೈಯಿಂದ. ದೋಣಿಯ ಮುಂತುದಿಯಲ್ಲಿ ನಿಂತು ಉದ್ದನೆಯ ಗಳುವನ್ನು ನೀರಿಗಿಳಿಸಿ "ಮೊಣಕಾಲು" ಎನ್ನುತ್ತಾಳೆ, "ಸೊಂಟ" ಎನ್ನುತ್ತಾಳೆ, "ಎದೆ" ಎನ್ನುತ್ತಾಳೆ. ಹಿಂದೆ ಚುಕ್ಕಾಣಿ ಹಿಡಿದ ಚಿಕ್ಕಪ್ಪ ಲರೂಸಿ ಅದಕ್ಕೆ ತಕ್ಕಂತೆ ದೋಣಿಯನ್ನು ತಿರುಗಿಸುತ್ತಾನೆ. ಚಿಕ್ಕಮ್ಮ ಗಿಡ್ಡ, ಚಿಕ್ಕಪ್ಪ ಎತ್ತರದ ಆಳು. ಅವಳ ಎದೆಯೆಂದರೆ ಅವನ ಸೊಂಟಕ್ಕಿಂತ ಒಂದಿಷ್ಟೇ ಮೇಲೆ. ಈ ಲೆಕ್ಕವನ್ನು ಅವನು ಮದುವೆಯಾದ ವರ್ಷವೇ ಕಲಿತುಕೊಂಡ. ಮೆಡಿಟರೇನಿಯನ್ನಿನ ನಮ್ಮ ಕೆರ್ಕೆನ್ನಾ ದ್ವೀಪಗಳ ಸುತ್ತ ಗಂಟೆಗಟ್ಟಲೆ ನಡೆದರೂ ತಲೆ ಮುಳುಗದಂಥ ಸಮುದ್ರವಿದೆ. "ತಲೆ" ಎಂದು ಚಿಕ್ಕಮ್ಮ ಕೂಗುವುದು ಅಪರೂಪ. ಅದಕ್ಕಿಂತ ಆಳವಾದ ನೀರಿಗೆ ಅವಳ ಬಳಿ ಪದವೇ ಇರಲಿಲ್ಲ.

ಇಂಥ ನೀರಿನಲ್ಲಿ ದೋಣಿ ಮರಳಿಗೆ ಕೂರುವುದು ಅವಮಾನವಲ್ಲ. ದಿನಕ್ಕೆರಡು ಸಲ ನೀರು ಇಳಿಯುತ್ತದೆ, ಎರಡು ಸಲ ಏರುತ್ತದೆ. ನಮ್ಮ ದೋಣಿಗಳ ತಳ ಚಪ್ಪಟೆ. ಇಳಿತದಲ್ಲಿ ಕೋಳಿ ಕಾವಿಗೆ ಕೂತ ಹಾಗೆ ಕೂರುತ್ತವೆ, ಉಬ್ಬರ ಬಂದಾಗ ತಾವಾಗಿ ಏಳುತ್ತವೆ. ಅಷ್ಟು ಹೊತ್ತು ನಮ್ಮವರು ಇದ್ದಲಿನ ಒಲೆ ಹಚ್ಚಿ ಚಹಾಕ್ಕಿಡುತ್ತಾರೆ. ಮರಳಿಗೆ ಕೂತ ದೋಣಿಯನ್ನು ತಳ್ಳಲು ಹೋಗುವವನನ್ನು ಕಂಡರೆ ಇವನು ಹೊರಗಿನವನು ಎಂದು ನಗುತ್ತಾರೆ. ಈ ಕಥೆಗೆ ಇದೊಂದು ಅಭ್ಯಾಸ ಗೊತ್ತಿದ್ದರೆ ಸಾಕು.

ಚಿಕ್ಕಮ್ಮ ಹುಟ್ಟಿದ್ದು, ಮದುವೆಯಾದದ್ದು, ಮಕ್ಕಳನ್ನು ಹೆತ್ತದ್ದು ಎಲ್ಲ ಅತ್ತಾಯಾ ಎಂಬ ಒಂದೇ ಊರಿನಲ್ಲಿ. ನೀರು ಇಳಿದಾಗ ಕೊಕ್ಕೆ ಹಿಡಿದು ಎಂಟು ತೋಳಿನ ಅಷ್ಟಪದಿ ಹುಡುಕುತ್ತಾಳೆ. ನೀರು ಏರಿದಾಗ ಹೊಸ್ತಿಲಲ್ಲಿ ಕೂತು ಮೀನಿನ ಬುಟ್ಟಿ ಹೆಣೆಯುತ್ತಾಳೆ. ಪ್ರತಿ ಬೇಸಿಗೆಯಲ್ಲಿ ಗಂಡನ ಜೊತೆ ಸೊಂಟದವರೆಗಿನ ನೀರಿನಲ್ಲಿ ನಿಂತು ಖರ್ಜೂರದ ಗರಿಗಳನ್ನು ಸಾಲಾಗಿ ನೆಟ್ಟು, ಮೀನು ಒಳಗೆ ಬಂದರೆ ಹೊರಗೆ ಹೋಗದಂಥ ಬೇಲಿ ಕಟ್ಟುತ್ತಾಳೆ. ಗರಿ ನೆಡುವಾಗ ಅವಳ ಬಾಯಿ ಸುಮ್ಮನಿರುವುದಿಲ್ಲ. "ನಿನ್ನ ಸಾಲು ನೋಡಿದ್ರೆ ಮೀನಿಗೆ ನಗು ಬರತ್ತೆ, ರಾಯಿಸ್," ಎನ್ನುತ್ತಾಳೆ. ರಾಯಿಸ್ ಎಂದರೆ ದೋಣಿಯ ಯಜಮಾನ. ಊರಿನವರು ಗೌರವಕ್ಕೆ ಹಾಗೆ ಕರೆಯುತ್ತಾರೆ, ಚಿಕ್ಕಮ್ಮ ಚುಚ್ಚುವುದಕ್ಕೆ.

ತೊಂಬತ್ಮೂರರ ಮಾರ್ಚಿಯಲ್ಲಿ ಪಡುವಣ ಗಾಳಿ ಒಮ್ಮೆಲೇ ಎದ್ದು ಚಿಕ್ಕಪ್ಪನ ದೋಣಿಯನ್ನು ಹೊರಸಮುದ್ರಕ್ಕೆ ಹೊತ್ತುಕೊಂಡು ಹೋಯಿತು. ನಮ್ಮ ದೋಣಿಗೆ ಮೂರು ಮೂಲೆಯ ಒಂದೇ ಹಾಯಿ. ಅದನ್ನು ಬಿಗಿಯುವುದು ಕಂಬಕ್ಕೆ ಓರೆಯಾಗಿ ನಿಲ್ಲುವ ಉದ್ದನೆಯ ಮರಕ್ಕೆ. ಆ ಓರೆಮರ ನಡುವೆ ಮುರಿಯಿತು. ಹಾಯಿಯಿಲ್ಲದ ದೋಣಿ ಎರಡು ಹಗಲು ಎರಡು ರಾತ್ರಿ ಉತ್ತರಕ್ಕೆ ತೇಲಿತು. ಊರಿನಲ್ಲಿ ಹೆಂಗಸರು ಚಿಕ್ಕಮ್ಮನ ಅಂಗಳದಲ್ಲಿ ಸೇರಿ ಅಳಲು ಶುರುಮಾಡಿದರು. ನನ್ನ ಅಮ್ಮ ಸಾವಿನ ಮನೆಯಲ್ಲಿ ಮಾಡುವ ಹಾಗೆ ಕನ್ನಡಿಗೆ ಬಟ್ಟೆ ಮುಚ್ಚಿದಳು.

ಮೂರನೆಯ ದಿನ ಮಧ್ಯಾಹ್ನ ಅಂಗಡಿಯ ಹಸೂನಾ ಕೈಗಂಟಿದ ಹಿಟ್ಟನ್ನೂ ಒರೆಸಿಕೊಳ್ಳದೆ ಓಡಿಬಂದ. ಊರಿನಲ್ಲಿ ಆಗ ಫೋನ್ ಇದ್ದದ್ದು ಅವನ ಅಂಗಡಿಯಲ್ಲಿ. ತೆಬುಲ್ಬಾ ಎಂಬ ಊರಿನಿಂದ ಯಾರೋ ಹೆಂಗಸು ಫೋನ್ ಮಾಡಿದ್ದಳಂತೆ. ಅಂಚೆ ಕಚೇರಿಗೆ ಹೋಗಿ, "ಅತ್ತಾಯಾದಲ್ಲಿ ಯಾರದಾದರೂ ಸರಿ, ಒಂದು ಫೋನು ಹಿಡಿದುಕೊಡಿ" ಎಂದು ಗುಮಾಸ್ತನನ್ನು ಪೀಡಿಸಿ ಹಸೂನಾನ ನಂಬರು ಹಿಡಿದಿದ್ದಳು. ಅವಳು ಹೇಳಿದ್ದನ್ನು ಹಸೂನಾ ಒಂದೇ ಉಸಿರಿಗೆ ಒಪ್ಪಿಸಿದ:

"ಅಳಬೇಡಿ ಅಂತ ಹೇಳು. ನಿಮ್ಮವನು ನಮ್ಮ ಮನೇಲಿದ್ದಾನೆ. ಈಗ ಊಟಕ್ಕೆ ಕೂತಿದ್ದಾನೆ. ಬಟ್ಟೆ ಒಣಗಿದ ಮೇಲೆ ಕಳಿಸ್ತೀನಿ."

ಅಂಗಳದಲ್ಲಿದ್ದವರು ನಂಬಲಿಲ್ಲ. ಸಮಾಧಾನಕ್ಕೆ ಯಾರೋ ಕಟ್ಟಿದ ಮಾತು ಎಂದರು. ಚಿಕ್ಕಮ್ಮ ಮಾತ್ರ ಎದ್ದು ಮುಖ ತೊಳೆದುಕೊಂಡಳು. "ಸುಳ್ಳು ಹೇಳೋರು ಬದುಕಿದ್ದಾನೆ ಅಂತಷ್ಟೇ ಹೇಳ್ತಾರೆ. ಬಟ್ಟೆ ಒಣಗೋ ಮಾತು ಅವರಿಗೆ ಹೊಳೆಯಲ್ಲ," ಎಂದಳು.

ಆ ಹೆಂಗಸು ವಸೀಲಾ. ಅವರ ಗಂಡ ಹಮ್ದಾ ತನ್ನ ಮೋಟಾರು ದೋಣಿಯಲ್ಲಿ ಚಿಕ್ಕಪ್ಪನನ್ನು ಎಳೆದುಕೊಂಡು ಬಂದಿದ್ದ. ಮನೆಯಲ್ಲಿ ಇರಿಸಿಕೊಂಡು, ಜ್ವರ ಇಳಿಸಿ, ಹೊರಡುವ ದಿನ ಹಮ್ದಾನ ಅಪ್ಪನ ಕಾಲದ ಓರೆಮರವೊಂದನ್ನು ಅಟ್ಟದಿಂದ ಇಳಿಸಿಕೊಟ್ಟರು. ಒಂದೂ ಗಂಟಿಲ್ಲದ, ಎಣ್ಣೆ ಕುಡಿದು ಕಪ್ಪಾದ ಮರ. ಚಿಕ್ಕಪ್ಪ ಬೆಲೆ ಕೇಳಿದಾಗ ವಸೀಲಾ ಬೈದರಂತೆ: "ಮಾರೋಕೆ ನಾವೇನು ಮರದಂಗಡಿ ಇಟ್ಟಿದ್ದೀವಾ? ಹೆಂಡತಿ ಕರಕೊಂಡು ಬಾ, ಆಗ ವಾಪಸ್ ತಾ."

ಇದಾದ ಮೇಲೆ ಇಪ್ಪತ್ತಮೂರು ವರ್ಷ ಪ್ರತಿ ಹಬ್ಬಕ್ಕೂ ಚಿಕ್ಕಮ್ಮ ತೆಬುಲ್ಬಾಗೆ ಫೋನ್ ಮಾಡುತ್ತಿದ್ದಳು. "ಮರ ಯಾವಾಗ ತರ್ತೀಯೆ?" ಎಂದು ವಸೀಲಾ ಕೇಳುವರು. "ಬರೋ ಬೇಸಿಗೆಗೆ, ಲಲ್ಲಾ," ಎಂದು ಇವಳು ಹಿರಿಯರನ್ನು ಕರೆಯುವ ಗೌರವದ ಮಾತು ಸೇರಿಸಿ ಹೇಳುವಳು. ಇಬ್ಬರೂ ನಗುವರು. ಮುಖ ನೋಡದೆ ಬೆಳೆದ ಗೆಳೆತನ ಅದು. ಹಮ್ದಾ ತೀರಿಕೊಂಡಾಗ ಚಿಕ್ಕಪ್ಪ ಬಸ್ಸಿನಲ್ಲಿ ಹೋಗಿ ಮಣ್ಣು ಹಾಕಿ ಬಂದ. ಚಿಕ್ಕಮ್ಮ ಹೋಗಲಿಲ್ಲ. ಆ ವರ್ಷ ಅವಳ ಮಾವ ಹಾಸಿಗೆ ಹಿಡಿದಿದ್ದರು. ಅದಕ್ಕೂ ಮೊದಲು ಮಕ್ಕಳು ಚಿಕ್ಕವರು. ಆಮೇಲೆ ಉಳಿದ ಅಡ್ಡಿ ಒಂದೇ, ಮರ. ಹತ್ತು ಮೀಟರ್ ಉದ್ದದ ಮರವನ್ನು ಬಸ್ಸಿನಲ್ಲಿ ಒಯ್ಯಲಾಗುವುದಿಲ್ಲ, ದೋಣಿಯಲ್ಲೇ ಹೋಗಬೇಕು. ದೋಣಿ ಹೋಗಬೇಕಾದರೆ ಅದಕ್ಕೆ ಬೇರೆ ಓರೆಮರ ಬೇಕು. ಚಿಕ್ಕಪ್ಪನಿಗೆ ಯಾವ ಮರವೂ ಹಿಡಿಸುತ್ತಿರಲಿಲ್ಲ. ಒಂದು ಸೊಟ್ಟ, ಒಂದು ಹಸಿ, ಒಂದಕ್ಕೆ ಗಂಟು. ವಸೀಲಾ ಮನೆಯ ಮರ ಕೈಗೆ ಅಷ್ಟು ಒಗ್ಗಿಹೋಗಿತ್ತು.

ಎರಡು ಸಾವಿರದ ಹದಿನಾರರ ವಸಂತದಲ್ಲಿ ಚಿಕ್ಕಮ್ಮ ಹಬ್ಬಕ್ಕೆ ಕಾಯದೆ ಸುಮ್ಮನೆ ಒಂದು ಸಲ ಫೋನ್ ಮಾಡಿದಳು.

"ಲಲ್ಲಾ, ನಾನು ಮನ್ನೂಬಿಯಾ."

"ಯಾವ ಮನ್ನೂಬಿಯಾ?"

"ಕೆರ್ಕೆನ್ನಾದವಳು. ಮರದ ಮನ್ನೂಬಿಯಾ."

"ನಮಗೆ ಮರ ಬೇಡಮ್ಮ," ಎಂದು ವಸೀಲಾ ಮೆತ್ತಗೆ ಹೇಳಿ ಫೋನನ್ನು ಪಕ್ಕಕ್ಕಿಟ್ಟರು. ಮಗಳು ರಫೀಕಾ ಅದನ್ನು ಎತ್ತಿಕೊಂಡು ಮಾತಾಡಿದಳು. ಚಳಿಗಾಲದಿಂದ ಹೀಗೆ ಶುರುವಾಗಿದೆ. ಕೆಲವು ದಿನ ಎಲ್ಲ ನೆನಪಿರುತ್ತದೆ, ಕೆಲವು ದಿನ ಮಗಳನ್ನೇ ಯಾರು ಅಂತ ಕೇಳುತ್ತಾರೆ. ಒಳ್ಳೆಯ ದಿನಗಳು ಕಡಿಮೆ ಆಗುತ್ತಿವೆ ಎಂದು ಡಾಕ್ಟರು ಹೇಳಿದ್ದಾರೆ.

ಚಿಕ್ಕಮ್ಮ ಆ ಸಂಜೆ ನಮ್ಮ ಮನೆಗೆ ಬಂದು, ಕೂರದೆ, ಬಾಗಿಲಲ್ಲೇ ನಿಂತು ಹೇಳಿದಳು: "ನನ್ನ ಗಂಡನ್ನ ವಾಪಸ್ ಕೊಟ್ಟೋಳು ಅವಳು. ಒಂದು ಸಲ ಅವಳ ಮುಖ ನೋಡಿ, ಕೈ ಹಿಡಿದು, ಹೇಳಬೇಕಾದ್ದು ಹೇಳಬೇಕು. ಅವಳಿಗೆ ನಾನು ಯಾರು ಅಂತ ಗೊತ್ತಿರುವಾಗಲೇ ಹೇಳಬೇಕು. ಆಮೇಲೆ ಹೇಳಿದ್ರೆ ಯಾರಿಗೆ ಹೇಳಿದ ಹಾಗಾಯ್ತು?"

ಮಾರನೆಯ ದಿನ ಒಬ್ಬಳೇ ಹಡಗು ಹತ್ತಿ ಎದುರು ದಡದ ದೊಡ್ಡ ಪಟ್ಟಣ ಸ್ಫಾಕ್ಸ್‌ಗೆ ಹೋಗಿ ಮರದಂಗಡಿಯಲ್ಲಿ ತಾನೇ ಒಂದು ಪೈನ್ ಮರ ಆರಿಸಿದಳು. ಅದನ್ನು ಟೊಮ್ಯಾಟೊ ಲಾರಿಯ ಮೇಲೆ ಕಟ್ಟಿಸಿ ಹಡಗಿಗೆ ಏರಿಸಿ ತಂದಳು. ಚಿಕ್ಕಪ್ಪ ಒಂದು ಕಣ್ಣು ಮುಚ್ಚಿ ಮರದುದ್ದಕ್ಕೂ ನೋಡಿದ.

"ತುದಿ ಸ್ವಲ್ಪ ಬಲಕ್ಕೆ ಹೋಗಿದೆ."

"ನಿನ್ನ ಮೂಗೂ ಹೋಗಿದೆ. ನಾನು ಇಟ್ಟುಕೊಂಡಿಲ್ವಾ?"

ಮೇ ತಿಂಗಳ ಮೊದಲ ವಾರ ಹೊರಟರು. ದೋಣಿಯ ಹೆಸರು ಮಬ್ರೂಕಾ. ಹೊಸ ಮರಕ್ಕೆ ಹಾಯಿ ಕಟ್ಟಿತ್ತು. ಹಳೆಯದನ್ನು ಎಣ್ಣೆ ಹಚ್ಚಿ ಒರೆಸಿ, ಚಾದರ ಸುತ್ತಿ ಎಡಮಗ್ಗುಲಿಗೆ ಬಿಗಿದಿದ್ದರು. ಕೊಡುವುದಕ್ಕೆಂದು ಒಣಗಿಸಿದ ಅಷ್ಟಪದಿ, ಅಂಜೂರ, ತಾನು ಹೆಣೆದ ಒಂದು ಬುಟ್ಟಿ. ದಾರಿಗೆ ರೊಟ್ಟಿ, ಆಲಿವ್, ಎಣ್ಣೆಯಲ್ಲಿ ಕಲೆಸಿದ ಹುರಿಹಿಟ್ಟು. ಯೋಜನೆ ಸರಳವಾಗಿತ್ತು. ಎದುರಿನ ದೊಡ್ಡ ನೆಲದ ತೀರ ಹಿಡಿದು ಉತ್ತರಕ್ಕೆ ಹೋಗುವುದು, ಮೊದಲ ರಾತ್ರಿ ಶೆಬ್ಬಾ, ಎರಡನೆಯದು ಮಹ್ದಿಯಾ, ಮೂರನೆಯ ದಿನ ತೆಬುಲ್ಬಾ. ಮೂಡಣ ಗಾಳಿ ಹಗಲೆಲ್ಲ ಬಲಗಡೆಯಿಂದ ಬೀಸುವ ಕಾಲ ಅದು. ತೀರ ಹಿಡಿದು ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಗಾಳಿ ಇಲ್ಲ.

ಮೊದಲ ದಿನ ನಮ್ಮ ತೆಳುನೀರು ದಾಟಿದ ಮೇಲೆ ಚಿಕ್ಕಮ್ಮ ಎಂದಿನಂತೆ ಗಳು ಇಳಿಸಿದಳು. ಗಳು ಪೂರ್ತಿ ಮುಳುಗಿತು, ಅವಳ ಮೊಣಕೈ ಮುಳುಗಿತು. ತಳ ಸಿಗಲಿಲ್ಲ.

"ಏನು?" ಎಂದು ಹಿಂದಿನಿಂದ ಚಿಕ್ಕಪ್ಪ ಕೇಳಿದ.

"ಇಲ್ಲ."

"ಏನಿಲ್ಲ?"

"ಏನೂ ಇಲ್ಲ. ಕೆಳಗೆ ಏನೂ ಇಲ್ಲ ಲರೂಸಿ."

"ಇರಬಾರದು. ಅದಕ್ಕೇ ಅದನ್ನ ಸಮುದ್ರ ಅಂತಾರೆ."

ಅವಳು ಗಳುವನ್ನು ಒಳಗಿಟ್ಟು, ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. "ಇಷ್ಟೊಂದು ನೀರನ್ನ ದೇವರು ಯಾಕೆ ಇಟ್ಟಿದ್ದಾನೋ! ಅರ್ಧ ಸಾಕಾಗ್ತಿತ್ತು," ಎಂದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಕೇಳಿದಳು. "ಆವಾಗ ಎರಡು ರಾತ್ರಿ ನೀನು ಇಂಥಾ ನೀರಲ್ಲಿದ್ಯಾ?" ಚಿಕ್ಕಪ್ಪ ಹೂಂ ಎಂದ. ಅವಳು ಎದ್ದು ಬಂದು ಚುಕ್ಕಾಣಿಯ ಪಕ್ಕದಲ್ಲಿ ಅವನಿಗೊತ್ತಿ ಕೂತಳು. ಶೆಬ್ಬಾದವರೆಗೂ ಅಲ್ಲಿಂದ ಏಳಲಿಲ್ಲವಂತೆ.

ಶೆಬ್ಬಾ ಬಂದರಿನಲ್ಲಿ ಕಾವಲಿನ ಹುಡುಗನೊಬ್ಬ ಅವರನ್ನು ನಿಲ್ಲಿಸಿದ. ಕದ್ದು ಗಡಿ ದಾಟುವವರ ಕಾಟದಿಂದ ಯಾವ ದೋಣಿ ಬಂದರೂ ಅವರು ಕೇಳಲೇಬೇಕು.

"ಎಲ್ಲಿಗೆ ಹೊರಟಿದ್ದು ಹಾಜಿ? ಇಟಲಿಗಾ?"

"ಇವಳನ್ನ ಕರಕೊಂಡು ಇಟಲಿಗೆ ಯಾಕಪ್ಪ ಹೋಗಲಿ? ಹೋದ್ರೆ ಒಬ್ಬನೇ ಹೋಗ್ತಿದ್ದೆ."

ಚಿಕ್ಕಮ್ಮ ಬಿಡಲಿಲ್ಲ. "ಮಗಾ, ಇವನನ್ನ ಇಟಲಿಯವರು ಮಾರನೇ ದಿನವೇ ವಾಪಸ್ ಕಳಿಸ್ತಾರೆ. ಸಾಗಣೆ ಖರ್ಚು ನಿನ್ನ ತಲೆಗೇ ಬರತ್ತೆ ನೋಡು."

ಚಾದರ ಸುತ್ತಿದ ಉದ್ದನೆಯ ವಸ್ತು ಏನೆಂದು ಹುಡುಗ ಕೇಳಿದ. ಚಿಕ್ಕಮ್ಮ ಬಿಚ್ಚಿ ತೋರಿಸಿ, ಮಾರ್ಚಿಯ ಗಾಳಿಯಿಂದ ಹಿಡಿದು ಫೋನಿನವರೆಗೆ ಕಥೆಯೆಲ್ಲ ಹೇಳಿದಳು. ಹುಡುಗ ಕಾಗದಕ್ಕೆ ಮುದ್ರೆ ಒತ್ತಿ, ಒಳಗಿನಿಂದ ಬಿಸಿ ರೊಟ್ಟಿ ತಂದುಕೊಟ್ಟು, "ನಮ್ಮಜ್ಜಿಗೂ ಹಾಗೇ ಆಗಿತ್ತು ಖಾಲ್ತಿ. ತಡ ಮಾಡಬೇಡಿ," ಎಂದ. ಖಾಲ್ತಿ ಎಂದರೆ ಚಿಕ್ಕಮ್ಮ. ಊರೂರಿಗೂ ತನಗೆ ಅಕ್ಕನ ಮಕ್ಕಳಿದ್ದಾರೆ ಎಂದು ಆಮೇಲೆ ನನ್ನ ಮುಂದೆ ಜಂಬ ಕೊಚ್ಚಿಕೊಂಡಳು.

ಎರಡನೆಯ ದಿನ ಹೇಳುವಂಥದ್ದೇನೂ ನಡೆಯಲಿಲ್ಲ. ಅದು ತನ್ನ ಬಾಳಿನಲ್ಲೇ ಒಳ್ಳೆಯ ದಿನಗಳಲ್ಲಿ ಒಂದು ಎಂದು ಚಿಕ್ಕಮ್ಮ ಹೇಳುತ್ತಾಳೆ. ಗಾಳಿ ಒಂದೇ ಸಮನಾಗಿತ್ತು. ಎಡಗಡೆ ಮರಳು, ಆಲಿವ್ ತೋಪು, ಬಿಳಿ ಮನೆಗಳು ನಿಧಾನವಾಗಿ ಹಿಂದಕ್ಕೆ ಸರಿಯುತ್ತಿದ್ದವು. ಬುಟ್ಟಿ ಹೆಣೆಯುವುದಿಲ್ಲ, ಬೇಲಿ ಕಟ್ಟುವುದಿಲ್ಲ, ಯಾರಿಗೂ ಅಡಿಗೆ ಮಾಡಬೇಕಾಗಿಲ್ಲ. ವಸೀಲಾಗೆ ಹೇಳಬೇಕಾದ ಮಾತನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದಳು.

"'ಲಲ್ಲಾ ವಸೀಲಾ, ಇಪ್ಪತ್ತಮೂರು ವರ್ಷದಿಂದ ಈ ಗಂಡಸು ನನ್ನ ಮನೇಲಿ ತಿನ್ನೋ ಪ್ರತಿ ತುತ್ತೂ ನೀವು ಹಾಕಿದ್ದು.' ಹೆಂಗಿದೆ?"

"ತಿಂದದ್ದರ ಲೆಕ್ಕ ಯಾಕೆ ತೆಗೀತೀಯ? ಬೇರೆ ಏನಾದ್ರೂ ಹೇಳು."

"ನಿನ್ನಿಂದ ಆಗಿರೋದು ಅದೊಂದೇ ಕೆಲಸ. ಬೇರೆ ಏನು ಹೇಳಲಿ?"

ಹಾಗೆ ಹೀಗೆ ತಿದ್ದಿ ತಿದ್ದಿ ಮಹ್ದಿಯಾ ಬರುವಷ್ಟರಲ್ಲಿ ಮಾತು ಅಚ್ಚುಕಟ್ಟಾಗಿ ಸಿದ್ಧವಾಯಿತು.

ಮೂರನೆಯ ದಿನ ಬೆಳಿಗ್ಗೆ ರಫೀಕಾ ಫೋನ್ ಮಾಡಿದಳು. ಅವಳ ದನಿಯೇ ಬೇರೆಯಾಗಿತ್ತು. "ಖಾಲ್ತಿ, ಇವತ್ತು ಅಮ್ಮ ಚೆನ್ನಾಗಿದ್ದಾರೆ! ಎದ್ದವರೇ ಅಪ್ಪನ ವಿಷಯ ಮಾತಾಡಿದ್ರು. ನೀವು ಬರ್ತಿದ್ದೀರಿ ಅಂದೆ. 'ಮರದ ಮನ್ನೂಬಿಯಾನಾ?' ಅಂದ್ರು. ಎಲ್ಲಿದ್ದೀರಿ? ಬೇಗ ಬನ್ನಿ."

"ಮಧ್ಯಾಹ್ನದೊಳಗೆ ಬಂದೆವು ಅಂತ ಹೇಳು. ಮಲಗೋಕೆ ಬಿಡಬೇಡ," ಎಂದು ಚಿಕ್ಕಮ್ಮ ಕೂಗಿದಳು. ಚಿಕ್ಕಪ್ಪನಿಗೆ ಹಾಯಿ ಇನ್ನಷ್ಟು ಬಿಗಿಯಲು ಹೇಳಿದಳು. ಮಬ್ರೂಕಾ ಓಡತೊಡಗಿತು.

ತೆಬುಲ್ಬಾಗೆ ಮೊದಲು ದಿಮಾಸ್ ಎಂಬ ಭೂಶಿರವಿದೆ. ಅದನ್ನು ಸುತ್ತುವಾಗ ನೀರಿನ ಬಣ್ಣ ತಿಳಿಯಾಯಿತು. ಚಿಕ್ಕಮ್ಮ ಎರಡು ದಿನದಿಂದ ಮೂಲೆ ಸೇರಿದ್ದ ಗಳುವನ್ನು ಎತ್ತಿಕೊಂಡು ಮುಂದಕ್ಕೆ ಓಡಿದಳು.

"ತಲೆ!" ಎಂದು ಕೂಗಿದಳು. ಆಮೇಲೆ "ಎದೆ! ಲರೂಸಿ, ಎದೆ!"

ತವರಿನವರು ಸಿಕ್ಕ ಹಾಗಾಯಿತು ಅವಳಿಗೆ. ಕೆಳಗೆ ಮರಳು, ಸಮುದ್ರದ ಹುಲ್ಲು, ನಡುವೆ ಓಡುವ ಸಣ್ಣ ಮೀನು, ಎಲ್ಲ ಮನೆಯ ಮುಂದಿನ ಹಾಗೇ. ಚಿಕ್ಕಪ್ಪನಿಗೂ ಅದೇ ಖುಷಿ. ಭೂಶಿರದಿಂದ ದೂರ ಸರಿದು ಸುತ್ತಿಹೋಗುವ ಬದಲು ತೆಳುನೀರಿನ ಮೇಲೇ ನೇರ ಹೊಡೆದರೆ ಒಂದು ಗಂಟೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದ. ಊರಿನಲ್ಲಿ ದಿನಾ ಮಾಡುವ ಕೆಲಸವೇ ಅದು. "ಸೊಂಟ," ಎಂದಳು ಚಿಕ್ಕಮ್ಮ. ದೋಣಿ ಹಾಯಿ ತುಂಬ ಗಾಳಿ ಹಿಡಿದು ಓಡುತ್ತಿತ್ತು. ಅವಳು "ಮೊಣಕಾಲು" ಎನ್ನುವ ಮೊದಲೇ ಅದು ಉದ್ದಕ್ಕೆ ಉಜ್ಜಿಕೊಂಡು ಹೋಗಿ ಮರಳಿನ ದಿಬ್ಬದ ಮೇಲೆ ಕೂತಿತು.

ಇಬ್ಬರೂ ಗಾಬರಿಯಾಗಲಿಲ್ಲ. ಚಿಕ್ಕಪ್ಪ ಹಾಯಿ ಇಳಿಸಿದ. ಸುತ್ತಲಿನ ಬಂಡೆಗಳ ಮೇಲೆ ನೀರಿನ ಕರೆ ನೋಡಿ, "ಇಳಿತದ ಕೊನೆ. ಇನ್ನೇನು ಏರತ್ತೆ," ಎಂದ. ಚಿಕ್ಕಮ್ಮ ಒಲೆ ಹಚ್ಚಿ ಚಹಾಕ್ಕಿಟ್ಟಳು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕೊಲ್ಲಿ ಅಗಲವಾಗಿದೆ, ಆಳವಿಲ್ಲ. ಆದ್ದರಿಂದ ಉಬ್ಬರದ ನೀರು ಒಳಗೆ ಬಂದು ರಾಶಿಯಾಗುತ್ತದೆ, ಒಳ್ಳೆಯ ಹುಣ್ಣಿಮೆಗೆ ಚಿಕ್ಕಮ್ಮನ ಸೊಂಟದವರೆಗೂ ಏರುತ್ತದೆ. ಇಡೀ ಮೆಡಿಟರೇನಿಯನ್ನಿನಲ್ಲಿ ಹೀಗಾಗುವ ಜಾಗಗಳು ಬೆರಳೆಣಿಕೆಯಷ್ಟು. ಶೆಬ್ಬಾ ದಾಟಿ ಉತ್ತರಕ್ಕೆ ಹೋದಂತೆ ಉಬ್ಬರ ಕರಗುತ್ತ ಬರುತ್ತದೆ. ದಿಮಾಸಿನ ಹತ್ತಿರ ಅದು ಒಂದು ಗೇಣಿನಷ್ಟು, ಅಷ್ಟೆ. ಶಾಲೆಯಲ್ಲಿ ನಾನು ಭೌತವಿಜ್ಞಾನ ಕಲಿಸುತ್ತೇನೆ, ಪ್ರತಿ ವರ್ಷ ಇದರ ನಕ್ಷೆ ಬರೆಯುತ್ತೇನೆ. ಆದರೆ ಸಮುದ್ರದ ವಿಷಯವನ್ನು ಚಿಕ್ಕಪ್ಪ ಯಾರನ್ನೂ ಕೇಳುವವನಲ್ಲ. ಅರವತ್ತು ದಾಟಿದ ಆ ಇಬ್ಬರಿಗೆ ಸಮುದ್ರವೆಂದರೆ ಏರುವಂಥದ್ದು. ಏರದ ಸಮುದ್ರವೂ ಇರುತ್ತದೆಂದು ಅವರಿಗೆ ಯಾಕೆ ಹೊಳೆಯಬೇಕು?

ಮೊದಲ ಚಹಾ ಮುಗಿಯಿತು. ಎರಡನೆಯದೂ ಮುಗಿಯಿತು. ಚಿಕ್ಕಮ್ಮ ಗಳುವನ್ನು ಮರಳಿಗೆ ನೆಟ್ಟು ನೀರು ಮುಟ್ಟುವಲ್ಲಿ ನೂಲು ಕಟ್ಟಿದ್ದಳು. ನೂಲು ಸ್ವಲ್ಪ ಮುಳುಗಿತು, ಗೇಣಿನಷ್ಟು. ಆಮೇಲೆ ಅಲ್ಲೇ ನಿಂತಿತು.

"ಇದಕ್ಕೇನಾಗಿದೆ?" ಎಂದಳು.

"ತಡವಾಗಿದೆ."

"ಸಮುದ್ರಕ್ಕೆ ತಡ ಆಗತ್ತಾ?"

"ಉತ್ತರದೋರು ಎಲ್ಲಾದ್ರಲ್ಲೂ ನಿಧಾನ."

ಬಿಸಿಲು ನೆತ್ತಿಗೆ ಬಂತು. ದೂರದಲ್ಲಿ ತೆಬುಲ್ಬಾದ ಮಿನಾರು ಕಾಣುತ್ತಿತ್ತು. ಒಂದು ಸಲ ರಫೀಕಾ ಫೋನ್ ಮಾಡಿ, ಅಮ್ಮ ನಿಮಗೋಸ್ಕರ ಕುಸ್‌ಕುಸ್ ಮಾಡಿಸುತ್ತಿದ್ದಾರೆ, ಸಾರಿಗೆ ಉಪ್ಪು ಕಡಿಮೆ ಅಂತ ಬೈದರು ಎಂದಳು. ಇನ್ನೊಂದು ಸಲ, ಇನ್ನೂ ಎಷ್ಟು ಹೊತ್ತು ಎಂದು ಮೆಲ್ಲಗೆ ಕೇಳಿದಳು. ಅಷ್ಟು ಹೊತ್ತಿಗೆ ನೂಲಿನ ಮೇಲಿನ ನೀರು ಮತ್ತೆ ಕಡಿಮೆಯಾಗತೊಡಗಿತ್ತು. ಏರಬೇಕಾದದ್ದೆಲ್ಲ ಏರಿ ಇಳಿಯಲು ಶುರುವಾಗಿತ್ತು.

ಇಬ್ಬರೂ ನೀರಿಗಿಳಿದು ತಳ್ಳಿದರು. ಮಬ್ರೂಕಾ ಅಲುಗಲಿಲ್ಲ. ಚಿಕ್ಕಪ್ಪನ ಕಣ್ಣು ಚಾದರ ಸುತ್ತಿದ ಮರದ ಮೇಲೆ ಹೋಯಿತು.

"ಅದನ್ನ ಅಡಿಗೆ ಕೊಟ್ಟು ಮೀಟಿದ್ರೆ ಏಳತ್ತೆ."

"ಮುಟ್ಟಬೇಡ. ಅದು ನಮ್ಮದಲ್ಲ."

"ಮನ್ನೂಬಾ, ಗಟ್ಟಿ ಮರ ಕಣೇ."

"ಮುರಿದದ್ದನ್ನ ಹೊತ್ಕೊಂಡು ಅವಳ ಬಾಗಿಲಿಗೆ ಹೋಗಲ್ಲ ನಾನು." ಚಿಕ್ಕಮ್ಮ ಫೋನ್ ತೆಗೆದಳು. "ರಫೀಕಾಳ ಗಂಡನಿಗೆ ಹೇಳ್ತೀನಿ, ಮೋಟಾರು ದೋಣಿ ತರಲಿ."

ಚಿಕ್ಕಪ್ಪ ನೀರಿನಲ್ಲಿ ನಿಂತಲ್ಲೇ ಬಿಗಿದುಕೊಂಡ. "ಬೇಡ. ಒಂದೇ ಮನೆಯವರ ಕೈಲಿ ಎರಡು ಸಲ ಎಳೆಸಿಕೊಂಡು ಹೋಗ್ಲಾ? ಆವಾಗ ಗಾಳಿ ಇತ್ತು, ಮರ ಮುರಿದಿತ್ತು. ಈಗ ಏನಂತ ಹೇಳ್ತೀಯ? ಅತ್ತಾಯಾದ ರಾಯಿಸ್ ಬಿಸಿಲಲ್ಲಿ ಮರಳಿಗೆ ಕೂತ ಅಂತಾನಾ? ರಾತ್ರಿ ಉಬ್ಬರ ಬರತ್ತೆ, ಕಾಯೋಣ."

ಹುಟ್ಟಿದಾಗಿನಿಂದ ಅವನು ಒಂದು ಸಲವೂ ಮರಳಿನಿಂದ ಎಳೆಸಿಕೊಂಡವನಲ್ಲ. ಅವನ ಅಪ್ಪನೂ ಅಲ್ಲ. ಚಿಕ್ಕಮ್ಮನಿಗೆ ಅದು ಗೊತ್ತಿತ್ತು, ಆದ್ದರಿಂದ ಅವಳು ಕೂಗಾಡಲಿಲ್ಲ.

"ನಾವು ಇಲ್ಲಿಗೆ ಬಂದದ್ದು ಯಾಕೆ?" ಎಂದು ಕೇಳಿದಳು. "ಅವರು ನಿನ್ನನ್ನ ಎಳೆದು ತಂದದ್ದಕ್ಕೆ ತಾನೇ? ಇನ್ನೊಂದು ಸಲ ಎಳೀಲಿ. ಎರಡಕ್ಕೂ ಒಟ್ಟಿಗೆ ಹೇಳ್ತೀನಿ. ಅಲ್ಲಿ ಅವಳು ಎಚ್ಚರ ಇಟ್ಕೊಂಡು ಕೂತಿದ್ದಾಳೆ ಲರೂಸಿ. ನಿನ್ನ ಉಬ್ಬರ ರಾತ್ರಿಗೆ ಬಂದೀತು. ಅವಳದ್ದು ಇವತ್ತು ಹೋದ್ರೆ ಮತ್ತೆ ಬರತ್ತೆ ಅಂತ ಯಾರು ಹೇಳ್ಬೇಕು?"

ಚಿಕ್ಕಪ್ಪ ದೋಣಿ ಹತ್ತಿ, ಹಗ್ಗದ ಸುರುಳಿ ಬಿಚ್ಚಿ, ಎಳೆಯುವುದಕ್ಕೆ ಬೇಕಾದ ಗಂಟನ್ನು ಮುಂಭಾಗದ ಗೂಟಕ್ಕೆ ತಾನೇ ಹಾಕಿದ.

ರಫೀಕಾಳ ಗಂಡ ಮುಂಜಿ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಅವನು ಜೊತೆಗೆ ಇಬ್ಬರನ್ನು ಕರೆತಂದಿದ್ದ. ದಿಬ್ಬದ ಮೇಲಿನ ದೋಣಿ, ಒಲೆ, ಚಹಾದ ಲೋಟ ಎಲ್ಲ ನೋಡಿ ಅವನಿಗೆ ಅರ್ಥವಾಗಲಿಲ್ಲ.

"ಬೆಳಿಗ್ಗೆಯಿಂದ ಏನು ಮಾಡ್ತಿದ್ರಿ ರಾಯಿಸ್?"

"ನೀರು ಏರೋದನ್ನ ಕಾಯ್ತಿದ್ವಿ."

"ಇಲ್ಲಿ ಏರಲ್ಲವಲ್ಲ."

"ಯಾವಾಗಲೂ?"

"ನಮ್ಮಜ್ಜನ ಕಾಲದಿಂದ ಏರಿಲ್ಲ."

ಚಿಕ್ಕಪ್ಪ ಸಮುದ್ರವನ್ನು ಒಂದು ಸಲ ನೋಡಿದ. "ಹಾಗಾದ್ರೆ ಇದನ್ನ ಇಟ್ಕೊಂಡು ಏನು ಮಾಡ್ತೀರಪ್ಪ?" ಎಂದ. ಮುಂಜಿ ನಗಲು ಶುರುಮಾಡಿದ. ಚಿಕ್ಕಪ್ಪ ಬಿಗುಮಾನದಿಂದ ನಿಂತಿದ್ದವನು ಸ್ವಲ್ಪ ಹೊತ್ತಿಗೆ ತಾನೂ ನಕ್ಕ. ಅರ್ಧ ಗಂಟೆ ಎಳೆದು, ತಳ್ಳಿ, ಎಲ್ಲರೂ ಸೊಂಟದವರೆಗೆ ನೆನೆದ ಮೇಲೆ ಮಬ್ರೂಕಾ ನೀರಿಗೆ ಜಾರಿತು.

ಮನೆ ತಲುಪಿದಾಗ ಸೂರ್ಯ ಮುಳುಗುತ್ತಿದ್ದ. ರಫೀಕಾ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ನೋಡಿದೊಡನೆ ಚಿಕ್ಕಮ್ಮನಿಗೆ ತಿಳಿಯಿತು.

"ನಾಲ್ಕು ಗಂಟೆವರೆಗೂ ಚೆನ್ನಾಗಿದ್ರು ಖಾಲ್ತಿ. ಆಮೇಲೆ ದಣಿದ್ರು. ಈಗ..." ಎಂದು ರಫೀಕಾ ಅಂಗಳದ ಕಡೆ ಕೈ ತೋರಿಸಿದಳು.

ವಸೀಲಾ ಅಂಗಳದ ಅಂಜೂರದ ಮರದ ಕೆಳಗೆ ಚಾಪೆಯ ಮೇಲೆ ಕೂತಿದ್ದರು. ಎತ್ತರದ ತೆಳು ಮೈ, ದೊಡ್ಡ ಕೈಗಳು. ಚಿಕ್ಕಮ್ಮ ಹತ್ತಿರ ಹೋಗಿ ಮಂಡಿಯೂರಿ, ಆ ಕೈಗಳನ್ನು ಹಿಡಿದುಕೊಂಡಳು. "ಲಲ್ಲಾ ವಸೀಲಾ, ನಾನು ಮನ್ನೂಬಿಯಾ. ಇಪ್ಪತ್ತಮೂರು ವರ್ಷದಿಂದ..." ಎಂದು ಶುರುಮಾಡಿದಳು.

ವಸೀಲಾ ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ಅವರು ನೋಡುತ್ತಿದ್ದದ್ದು ಅವಳ ಬಟ್ಟೆಯನ್ನು. ಬಗ್ಗಿ, ಸೆರಗಿನ ಅಂಚನ್ನು ಹಿಂಡಿ ನೋಡಿದರು. ಉಪ್ಪುನೀರು ತೊಟ್ಟಿಕ್ಕಿತು.

"ರಫೀಕಾ!" ಎಂದು ಗದರಿದರು. "ಇವರು ಸಮುದ್ರದಿಂದ ಬಂದೋರು. ಒದ್ದೆ ಬಟ್ಟೇಲಿ ನಿಲ್ಲಿಸಿದ್ದೀಯಲ್ಲ, ನಿನಗೆ ಬುದ್ಧಿ ಇಲ್ವಾ? ನಿಮ್ಮಪ್ಪನ ಅಂಗಿ ತಾ. ನನ್ನದೊಂದು ನಿಲುವಂಗಿ ತಾ." ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದರು: "ನಿಮ್ಮ ಮನೆಗೆ ಸುದ್ದಿ ಹೋಗಿದೆಯಾ?"

ಚಿಕ್ಕಮ್ಮ ಇಲ್ಲ ಎಂದು ತಲೆಯಾಡಿಸಿದಳು.

"ಅಯ್ಯೋ! ಅಲ್ಲಿ ಅಳ್ತಾ ಕೂತಿರ್ತಾರೆ. ಮೊದಲು ಅದು. ನಂಬರು ಗೊತ್ತಾ?"

ಚಿಕ್ಕಮ್ಮನಿಗೆ ಬಾಯಿಪಾಠ ಇದ್ದ ನಂಬರು ನನ್ನದು. ನಾನು ಆಗ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಫೋನ್ ಎತ್ತಿದೆ. ನಾನು ಯಾವತ್ತೂ ಕೇಳಿರದ ಮುದಿ ದನಿಯೊಂದು, ಹಲೋ ಎಂದೂ ಹೇಳದೆ, ಅವಸರವಿಲ್ಲದೆ, ಎಷ್ಟೋ ಸಲ ಮಾಡಿದ ಕೆಲಸದ ಹಾಗೆ ಹೇಳಿತು:

"ಅಳಬೇಡಿ. ನಿಮ್ಮೋರು ಇಬ್ಬರೂ ನಮ್ಮ ಮನೇಲಿದ್ದಾರೆ. ಈಗ ಊಟಕ್ಕೆ ಕೂರ್ತಾರೆ. ಬಟ್ಟೆ ಒಣಗಿದ ಮೇಲೆ ಕಳಿಸ್ತೀನಿ."

ಈ ಮಾತನ್ನು ನಮ್ಮ ಮನೆಯಲ್ಲಿ ನಾವೆಲ್ಲ ಕೇಳಿ ಕೇಳಿ ಬೆಳೆದವರು. ನಾನು ಎದ್ದು ನಿಂತಿದ್ದೆ. "ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ತಾಯೀ. ನಿಮ್ಮ ಉಪಕಾರ..." ಎಂದೆ.

"ಆಯ್ತು, ಫೋನಿಡಪ್ಪ. ಕುಸ್‌ಕುಸ್ ಆರತ್ತೆ," ಎಂದರು.

ಚಿಕ್ಕಮ್ಮ ಚಿಕ್ಕಪ್ಪ ಅಲ್ಲಿ ಒಂದು ವಾರ ಇದ್ದರು. ಆ ವಾರದಲ್ಲಿ ರಫೀಕಾ ಫೋನ್ ಮಾಡಿದ ಬೆಳಿಗ್ಗೆಯಂಥ ದಿನ ಮತ್ತೆ ಬರಲಿಲ್ಲ. ವಸೀಲಾ ಅವಳನ್ನು ಒಮ್ಮೆ ತಂಗಿ ಎಂದು ಕರೆದರು, ಒಮ್ಮೆ ಪಕ್ಕದ ಮನೆಯವಳು ಎಂದುಕೊಂಡರು. ಪ್ರತಿ ಸಂಜೆಯೂ ಮನೆಗೆ ಸುದ್ದಿ ಹೋಯಿತಾ ಎಂದು ಕೇಳುವರು. ಚಿಕ್ಕಮ್ಮ ನನ್ನ ನಂಬರು ಹಿಡಿದುಕೊಡುವಳು. ಏಳು ಸಂಜೆಯೂ ನಾನು ಅಳಬಾರದೆಂದು ಹೇಳಿಸಿಕೊಂಡೆ.

ಮರವನ್ನು ಮುಂಜಿ ಅಟ್ಟಕ್ಕೆ ಹಾಕಲಿಲ್ಲ. ಅವರ ಮನೆಯಲ್ಲಿ ಈಗ ಹಾಯಿದೋಣಿ ಇಲ್ಲ. ಅಂಗಳದ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಅದನ್ನು ಅಡ್ಡವಾಗಿ ಏರಿಸಿ ಬಟ್ಟೆ ಹೊದಿಸಿದ. ಮಧ್ಯಾಹ್ನ ವಸೀಲಾ ಅದರ ನೆರಳಿನಲ್ಲಿ ಕೂರುತ್ತಾರೆ.

ವಾಪಸು ಬರುವಾಗ ಚಿಕ್ಕಪ್ಪ ದಿಮಾಸನ್ನು ಬಹಳ ದೂರದಿಂದಲೇ ಸುತ್ತಿ ಬಂದ. ಈಗ ಕಾಫಿ ಅಂಗಡಿಯಲ್ಲಿ ಯಾರಾದರೂ ಉತ್ತರದ ಕಡೆಯ ಮಾತೆತ್ತಿದರೆ, "ಅಲ್ಲಿನ ಸಮುದ್ರ ಕೆಟ್ಟು ನಿಂತಿದೆ, ಜನ ಒಳ್ಳೆಯವರು," ಎನ್ನುತ್ತಾನೆ.

ಅವರು ಬಂದ ದಿನ ದೋಣಿಯಿಂದ ಇಳಿಯಲು ಚಿಕ್ಕಮ್ಮನಿಗೆ ನಾನು ಕೈ ಕೊಟ್ಟೆ. ವಸೀಲಾ ಅವರ ನಿಲುವಂಗಿಯಲ್ಲೇ ಬಂದಿದ್ದಳು, ಅದು ಅವಳಿಗೆ ಮೊಣಕಾಲು ದಾಟಿ ನೆಲ ಗುಡಿಸುತ್ತಿತ್ತು.

"ಹೇಳಬೇಕಾದದ್ದು ಹೇಳಿದೆಯಾ?" ಎಂದು ಕೇಳಿದೆ.

"ಎಲ್ಲಿ ಹೇಳೋಕೆ ಬಿಟ್ಟಳು?" ಎಂದಳು ಚಿಕ್ಕಮ್ಮ. "ಬಾಯಿ ತೆಗೆದಾಗೆಲ್ಲ ತುತ್ತು ಹಾಕ್ತಿದ್ದಳು. ಹಾಕಿದ್ದಷ್ಟೂ ತಿಂದೆ."